ಎದೆ ಉರಿಯುತ್ತಿದೆಯಾ, ಅನ್ನ ಸಿಕ್ಕಿಕೊಳ್ಳುತ್ತಿದೆಯಾ? ಮಲೆನಾಡಿನ ಮನೆಗಳಿಗೆ ಅನ್ನನಾಳದ ಮಾರ್ಗದರ್ಶಿ

ಶಿವಮೊಗ್ಗದ ಯಾವ ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತರೂ ಸರಿ, ಒಬ್ಬರಾದರೂ ಬಂದು ‘ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ’ ಅನ್ನುತ್ತಾರೆ. ಎದೆ ಉರಿದರೂ ಗ್ಯಾಸ್ಟ್ರಿಕ್, ಹುಳಿತೇಗು ಬಂದರೂ ಗ್ಯಾಸ್ಟ್ರಿಕ್, ನುಂಗಿದ ಅನ್ನ ಎದೆಯಲ್ಲೇ ನಿಂತರೂ ಗ್ಯಾಸ್ಟ್ರಿಕ್. ಮಾತ್ರೆ ಸಿಗುತ್ತದೆ, ಒಂದೆರಡು ದಿನ ಆರಾಮೂ ಅನ್ನಿಸುತ್ತದೆ. ಆದರೆ ಇವೆಲ್ಲ ಒಂದೇ ಕಾಯಿಲೆಯಲ್ಲ. ಕೆಲವಕ್ಕೆ ಊಟದ ಹೊತ್ತು ಬದಲಿಸಿದರೆ ಸಾಕು. ಕೆಲವಕ್ಕೆ ಸರಿಯಾದ ಮಾತ್ರೆ, ಸರಿಯಾದ ಹೊತ್ತಿಗೆ ಬೇಕು. ಇನ್ನು ಕೆಲವಕ್ಕೆ ತಡಮಾಡದೆ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಮಾಡಿಸಲೇಬೇಕು. ಯಾವುದು ಯಾವುದು ಅಂತ ಮನೆಯಲ್ಲೇ ಒಂದು ಮಟ್ಟಿಗೆ ಗುರುತಿಸಿಕೊಳ್ಳಬಹುದು. ಅದು ಹೇಗೆ, ಆಮೇಲೆ ಏನು ಮಾಡಬೇಕು ಅನ್ನುವುದೇ ಈ ಬರಹ.

ಮೊದಲು ಅನ್ನನಾಳದ ಬಗ್ಗೆ ಎರಡು ಮಾತು. ಗಂಟಲಿನಿಂದ ಹೊಟ್ಟೆಗೆ ಇಳಿಯುವ ಕೊಳವೆ ಅದು. ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದ. ತುತ್ತು ಅದರೊಳಗೆ ಸುಮ್ನೆ ಬೀಳುವುದಿಲ್ಲ. ಕೊಳವೆಯ ಗೋಡೆಯಲ್ಲಿರುವ ಸ್ನಾಯು ಮೇಲಿನಿಂದ ಕೆಳಕ್ಕೆ ಹಿಂಡುತ್ತಾ ಅದನ್ನು ತಳ್ಳುತ್ತದೆ. ಮಲಗಿಕೊಂಡು ನುಂಗಿದರೂ ನೀರು ಹೊಟ್ಟೆ ಸೇರುವುದು ಇದಕ್ಕೇ. ಕೊಳವೆಯ ಕೆಳತುದಿಯಲ್ಲಿ ಕೆರೆಯ ತೂಬಿನ ಹಾಗೆ ಒಂದು ಸ್ನಾಯುವಿನ ಬಳೆಯಿದೆ. ತುತ್ತು ಬಂದಾಗ ತೆರೆಯುತ್ತದೆ, ಇಳಿದ ಮೇಲೆ ಮುಚ್ಚುತ್ತದೆ. ಅದು ಸಡಿಲವಾದರೆ ಹೊಟ್ಟೆಯ ಆಮ್ಲ ಮೇಲೇರುತ್ತದೆ. ಆಮ್ಲ ತಡೆಯುವ ಒಳಪದರ ಹೊಟ್ಟೆಗಿದೆ, ಅನ್ನನಾಳಕ್ಕಿಲ್ಲ. ಅದಕ್ಕೇ ಉರಿ. ಬಳೆ ತೆರೆಯದೇ ಹೋದರೆ ಅಥವಾ ಕೊಳವೆಯ ದಾರಿಯೇ ಕಿರಿದಾದರೆ ತುತ್ತು ನಿಲ್ಲುತ್ತದೆ. ಉರಿ ಬೇರೆ, ಸಿಕ್ಕಿಕೊಳ್ಳುವುದು ಬೇರೆ. ಇಷ್ಟು ನೆನಪಿದ್ದರೆ ಮುಂದಿನದು ಸುಲಭ.

ಹೆಜ್ಜೆ 1: ಮೊದಲು ಹೃದಯದ ವಿಚಾರ ಮುಗಿಸಿ

ಎದೆ ಉರಿ ಅಂದ ಕೂಡಲೇ ಈನೋ ಪೊಟ್ಟಣ ಹುಡುಕುವುದಲ್ಲ. ನೋವು ಉರಿಯಂತಿಲ್ಲದೆ ಬಿಗಿದ ಹಾಗೆ, ಭಾರ ಇಟ್ಟ ಹಾಗೆ ಇದೆಯಾ? ತೋಟದ ಏರು ಹತ್ತುವಾಗ ಬಂದು, ನಿಂತರೆ ಕಡಿಮೆಯಾಗುತ್ತದಾ? ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುತ್ತದಾ? ತಣ್ಣನೆ ಬೆವರು, ಏದುಸಿರು ಇದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಹೃದಯಾಘಾತ ಬರೀ ಹೊಟ್ಟೆ ತೊಳಸಿದ ಹಾಗೆ, ಸುಸ್ತಾದ ಹಾಗೆ ಶುರುವಾಗುವುದೂ ಇದೆ. ‘ತೇಗು ಬಂತು, ಹಗುರಾಯ್ತು, ಹಾಗಾಗಿ ಇದು ಗ್ಯಾಸೇ’ ಅನ್ನುವ ಲೆಕ್ಕವನ್ನು ನಂಬಬೇಡಿ. ಕಾಡಿನ ನಡುವಿನ ಒಂಟಿಮನೆಯಾದರೆ ಆಂಬುಲೆನ್ಸ್ ಬರುವ ತನಕ ಕಾಯಬೇಕೋ, ಪಕ್ಕದ ಮನೆಯ ಜೀಪಿನಲ್ಲಿ ಹೊರಡಬೇಕೋ ಅನ್ನುವುದನ್ನು ಈಗಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಹೆಜ್ಜೆ 2: ನಿಮ್ಮದು ಯಾವ ಬಗೆ ಅಂತ ನೋಡಿಕೊಳ್ಳಿ

ಉರಿಯ ಬಗೆ ಹೀಗಿರುತ್ತದೆ. ಊಟ ಆದ ಮೇಲೆ ಎದೆಗೂಡಿನ ಹಿಂದೆ ಸುಡುತ್ತದೆ. ಬಗ್ಗಿದರೆ, ಮಲಗಿದರೆ ಜಾಸ್ತಿ. ಬಾಯಿಗೆ ಹುಳಿನೀರು ಬರುತ್ತದೆ. ಕೆಲವರಿಗೆ ಉರಿಯೇ ಇರುವುದಿಲ್ಲ. ರಾತ್ರಿ ಒಣಕೆಮ್ಮು, ಬೆಳಗ್ಗೆ ಒಡಕು ದನಿ, ಹಲ್ಲು ಜುಂ ಅನ್ನುವುದು ಮಾತ್ರ. ಮಳೆಗಾಲದಲ್ಲಿ ಇದನ್ನು ಥಂಡಿ ಕೆಮ್ಮು ಅಂದುಕೊಂಡು ಕಷಾಯದ ಮೇಲೆ ಕಷಾಯ ಕುಡಿಯುವವರಿದ್ದಾರೆ.

ಸಿಕ್ಕುವ ಬಗೆಯಲ್ಲಿ ವಿವರ ಮುಖ್ಯ. ಮೊದಲು ಅಕ್ಕಿರೊಟ್ಟಿ, ಮಾಂಸದಂಥ ಗಟ್ಟಿ ಪದಾರ್ಥ ಮಾತ್ರ ಸಿಕ್ಕಿ, ಬರಬರುತ್ತಾ ಮೆತ್ತಗಿನ ಅನ್ನವೂ, ಆಮೇಲೆ ಗಂಜಿಯೂ ಇಳಿಯದಾದರೆ ದಾರಿ ಕಿರಿದಾಗುತ್ತಿದೆ ಎಂದರ್ಥ. ಹಳೆಯ ಉರಿಯ ಗಾಯ ಮಾಗಿ ಬಿಗಿದಿರಬಹುದು, ಗಡ್ಡೆಯೂ ಇರಬಹುದು. ಕೆಲವೇ ವಾರ, ತಿಂಗಳಲ್ಲಿ ಹೀಗಾದರೆ ಒಂದು ದಿನವೂ ಕಾಯಬೇಡಿ. ಮೊದಲಿನಿಂದಲೇ ಗಟ್ಟಿಯೂ ನೀರೂ ಎರಡೂ ನಿಲ್ಲುತ್ತಿದ್ದರೆ ಸ್ನಾಯುವಿನ ತೊಂದರೆ. ಕೆಳಗಿನ ಬಳೆ ಸಡಿಲಗೊಳ್ಳದ ಈ ಕಾಯಿಲೆಗೆ ಅಕಲೇಸಿಯಾ ಅನ್ನುತ್ತಾರೆ. ಅಸ್ತಮಾ, ಅಲರ್ಜಿ ಇರುವ ಹುಡುಗರಿಗೆ ಆಗೊಮ್ಮೆ ಈಗೊಮ್ಮೆ ತುತ್ತು ನಿಂತರೆ ಅದು ಅನ್ನನಾಳದ ಅಲರ್ಜಿ ಉರಿಯೂತ ಇರಬಹುದು. ನುಂಗುವಾಗ ಚುಚ್ಚಿದ ಹಾಗೆ ನೋವಾದರೆ ಒಳಗೆ ಹುಣ್ಣಿದೆ ಎಂಬ ಅನುಮಾನ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ, ಸ್ಟಿರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರಿಗೆ ಅಲ್ಲಿ ಬಿಳಿ ಫಂಗಸ್ಸೂ ಬೆಳೆಯುತ್ತದೆ.

ನಮ್ಮ ಸಂಬಂಧಿಕರೊಬ್ಬರು ಮದುವೆಮನೆಗೆ ಬಂದರೆ ಪಂಕ್ತಿಯ ತುದಿಯಲ್ಲೇ ಕೂರುತ್ತಿದ್ದರು. ಪಕ್ಕದಲ್ಲಿ ದೊಡ್ಡ ಚೊಂಬು. ನಾಲ್ಕು ತುತ್ತಿಗೊಮ್ಮೆ ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿ, ಎರಡೂ ತೋಳು ಮೇಲೆತ್ತಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಬಡಿಸುವವರು ಹೋಳಿಗೆ ತಂದರೆ ಎಲೆಯ ಮೇಲೆ ಕೈ ಅಡ್ಡ. ‘ಅನ್ನ ಇಲ್ಲೇ ನಿಂತ ಹಂಗೆ ಆಗ್ತದೆ ಮಾರಾಯ, ನೀರು ಕುಡಿದ್ರೂ ಇಳಿಯಲ್ಲ’ ಅಂತ ಎದೆಯ ಮಧ್ಯ ಬೆರಳಿಟ್ಟು ತೋರಿಸುತ್ತಿದ್ದರು. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ಕಳೆದರು, ಅಂಗಿ ಜೋಲಾಡುವಷ್ಟು ತೆಳ್ಳಗಾದರು. ಕಡೆಗೆ ಪರೀಕ್ಷೆಯಲ್ಲಿ ಗೊತ್ತಾಗಿದ್ದು ಅಕಲೇಸಿಯಾ. ಬಲೂನ್ ಹಾಕಿ ಬಳೆ ಹಿಗ್ಗಿಸಿದ ಮೇಲೆ ಈಗ ಚೊಂಬಿಲ್ಲದೆ ಊಟ ಮಾಡುತ್ತಾರೆ. ಅವರು ತೋರಿಸುತ್ತಿದ್ದ ಆ ಬೆರಳೇ ಅರ್ಧ ರೋಗ ಹೇಳುತ್ತಿತ್ತು. ಕೇಳುವವರು ಬೇಕಿತ್ತು ಅಷ್ಟೆ.

ಹೆಜ್ಜೆ 3: ಎರಡು ವಾರ ಬರೆದಿಡಿ

ಇದು ಚಿಕ್ಕ ಕೆಲಸ, ಆದರೆ ಡಾಕ್ಟರಿಗೆ ತುಂಬ ಉಪಯೋಗ. ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿದರೂ ನಡೆಯುತ್ತದೆ. ಏನು ತಿಂದಿರಿ, ಎಷ್ಟು ಹೊತ್ತಿಗೆ, ಮಲಗಿದ್ದು ಯಾವಾಗ, ಉರಿ ಬಂದಿದ್ದು ಯಾವಾಗ, ಯಾವ ಮಾತ್ರೆ ನುಂಗಿದಿರಿ. ತೂಕವನ್ನೂ ಒಮ್ಮೆ ನೋಡಿಕೊಳ್ಳಿ. ಸೊಂಟದ ದಾರ ಸಡಿಲಾಗಿದೆ ಅನ್ನುವುದೂ ಒಂದು ಲೆಕ್ಕವೇ.

ಹೆಜ್ಜೆ 4: ರಾತ್ರಿಯನ್ನು ಸರಿಮಾಡಿ

ಉರಿಯ ಬಗೆಯವರಿಗೆ ಎಲ್ಲಕ್ಕಿಂತ ಜಾಸ್ತಿ ಫಲ ಸಿಗುವುದು ಇಲ್ಲೇ. ಅಡಿಕೆ ಸುಲಿಯುವ ಕಾಲದ ಒಂದು ರಾತ್ರಿ ನೆನಪಿಸಿಕೊಳ್ಳಿ. ಮೆಟ್ಟುಗತ್ತಿಯ ಮುಂದೆ ಹೊಟ್ಟೆ ಮಡಚಿಕೊಂಡು ಗಂಟೆಗಟ್ಟಲೆ ಕೂರುತ್ತೇವೆ. ನಿದ್ದೆ ಬರದಿರಲಿ ಅಂತ ಎರಡು ಮೂರು ಸುತ್ತು ಚಹಾ. ಬಾಯಲ್ಲಿ ಕವಳ, ಅಂದರೆ ಎಲೆಅಡಿಕೆ. ಹತ್ತು ಗಂಟೆಯ ಮೇಲೆ ಹೊಟ್ಟೆ ತುಂಬ ಊಟ, ಕೈ ತೊಳೆದ ಕೂಡಲೇ ಹಾಸಿಗೆ. ಆಮ್ಲ ಮೇಲೇರಲು ಇದಕ್ಕಿಂತ ಅನುಕೂಲ ಬೇರೆ ಬೇಕಾ? ಬಗ್ಗಿ ಕೂತಾಗ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಮಲಗಿದಾಗ ಆಮ್ಲಕ್ಕೆ ಏರು ಅನ್ನುವುದೇ ಇರುವುದಿಲ್ಲ.

ಸುಲಿಯುವುದು ಬಿಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಊಟವನ್ನು ಏಳು, ಏಳೂವರೆಗೆ ಹಿಂದಕ್ಕೆ ತನ್ನಿ. ಊಟ ಮುಗಿಸಿ ಸುಲಿಯಲು ಕೂರುವುದಾದರೆ ನೆಲದ ಬದಲು ಎತ್ತರದ ಮಣೆ ಹಾಕಿಕೊಳ್ಳಿ, ಹೊಟ್ಟೆ ಮಡಚುವುದು ಕಡಿಮೆಯಾಗುತ್ತದೆ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ ಇರಲಿ. ತಡವಾಗಿ ಹಸಿವಾದರೆ ಒಂದು ಲೋಟ ತೆಳು ಗಂಜಿ ಸಾಕು. ಲಂಗದ ಲಾಡಿ, ಬೆಲ್ಟು, ಪಂಚೆಯ ಗಂಟು ಬಿಗಿಯಿದ್ದರೆ ಸಡಿಲಿಸಿ.

ಮಂಚದ ತಲೆಭಾಗವನ್ನು ಎತ್ತರಿಸಿ. ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಮರದ ತುಂಡೋ ಇಟ್ಟಿಗೆಯೋ ಇಟ್ಟು ಆರರಿಂದ ಎಂಟು ಇಂಚು ಮೇಲೆ ಮಾಡಿ. ಅಲುಗಾಡದ ಹಾಗೆ ನೋಡಿಕೊಳ್ಳಿ. ಮೂರು ದಿಂಬು ಒಟ್ಟಿದರೆ ಇದೇ ಕೆಲಸ ಆಗುವುದಿಲ್ಲ. ಕುತ್ತಿಗೆ ಮಾತ್ರ ಬಗ್ಗುತ್ತದೆ, ಹೊಟ್ಟೆ ಇನ್ನೂ ಮಡಚಿಕೊಳ್ಳುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗುವವರು ಸೊಂಟದಿಂದ ಮೇಲಕ್ಕೆ ಇಳಿಜಾರಾಗುವಂತೆ ಹಳೆ ಕಂಬಳಿ ಮಡಚಿಟ್ಟುಕೊಳ್ಳಬಹುದು. ಎಡಮಗ್ಗುಲಾಗಿ ಮಲಗಿದರೆ ಆಮ್ಲ ಮೇಲೇರುವುದು ಕಡಿಮೆ. ಹೊಟ್ಟೆ ಬಂದವರು ನಾಲ್ಕೈದು ಕಿಲೋ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಬಸುರಿಯರಿಗೆ ಬರುವ ಎದೆಯುರಿ ಹೆಚ್ಚಿನವರಲ್ಲಿ ಹೆರಿಗೆಯಾದ ಮೇಲೆ ತಾನಾಗಿಯೇ ಹೋಗುತ್ತದೆ. ಅಲ್ಲಿಯತನಕವೂ ಮಾತ್ರೆ ಡಾಕ್ಟರನ್ನು ಕೇಳಿಯೇ.

ಹೆಜ್ಜೆ 5: ಅಡುಗೆಮನೆಯಲ್ಲಿ ಒಂದೊಂದನ್ನೇ ಬಿಟ್ಟು ನೋಡಿ

‘ಇದು ತಿನ್ನಬೇಡಿ, ಅದು ತಿನ್ನಬೇಡಿ’ ಅನ್ನುವ ಉದ್ದನೆಯ ಪಟ್ಟಿಯಲ್ಲಿ ನನಗೆ ನಂಬಿಕೆಯಿಲ್ಲ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ. ಬರೆದಿಟ್ಟ ಪುಟ ನೋಡಿ, ಅನುಮಾನ ಬಂದದ್ದನ್ನು ಮಾತ್ರ ಎರಡು ವಾರ ಬಿಡಿ. ಮಲೆನಾಡಿನ ಊಟದಲ್ಲಿ ಅನುಮಾನಪಡಬೇಕಾದವು ಯಾವುವು ಅಂತ ನಮಗೇ ಗೊತ್ತು. ಸೂಜಿಮೆಣಸಿನ ಚಟ್ನಿ, ಅಪ್ಪೆಮಿಡಿ ಉಪ್ಪಿನಕಾಯಿ, ರಾತ್ರಿಯ ಹುಳಿ ಗೊಜ್ಜು, ಎಣ್ಣೆ ತೇಲುವ ಕೋಳಿಸಾರು, ಮಳೆ ಹೊಡೆಯುವಾಗ ಕೂತು ಖಾಲಿ ಮಾಡುವ ಹಲಸಿನ ಹಪ್ಪಳ. ಕರಿದದ್ದು, ಜಿಡ್ಡಿನದು ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ಕೂರುತ್ತದೆ. ಕಾಫಿ, ಚಾಕೊಲೇಟ್, ಪುದೀನ ಕೆಲವರಲ್ಲಿ ಆ ಬಳೆಯನ್ನೇ ಸಡಿಲ ಮಾಡುತ್ತವೆ. ಪುದೀನ ಹೊಟ್ಟೆಗೆ ಒಳ್ಳೆಯದು ಅಂತ ಕುಡಿದು ಉರಿ ಜಾಸ್ತಿ ಮಾಡಿಕೊಂಡವರಿದ್ದಾರೆ. ಸೋಡಾ ಕುಡಿದರೆ ತೇಗು ಬರುತ್ತದೆ ನಿಜ, ಆ ತೇಗಿನ ಜೊತೆ ಆಮ್ಲವೂ ಬರುತ್ತದೆ. ಒಂದೆಲಗದ ತಂಬುಳಿ, ಕುಚ್ಚಲಕ್ಕಿ ಗಂಜಿ ಹೆಚ್ಚಿನವರಿಗೆ ಹಿತ. ಆದರೆ ತಂಬುಳಿ ಔಷಧಿಯಲ್ಲ, ಮಜ್ಜಿಗೆ ಹುಳಿಯಾಗಿದ್ದರೆ ಅದೂ ಉರಿಸಬಹುದು.

ಬಿಸಿಯ ವಿಚಾರ ಬೇರೆ. ಜಡಿಮಳೆಯಲ್ಲಿ ಒಲೆಯಿಂದ ಇಳಿಸಿದ ಕಷಾಯವನ್ನು ಹಾಗೇ ಕುಡಿಯುವುದು ನಮ್ಮಲ್ಲಿ ಒಂದು ಜಂಬ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರ್ ತರುವ ಸಾಧ್ಯತೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿತು. ಅಳೆಯಲು ಹೋಗಬೇಡಿ. ಲೋಟ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಇನ್ನೂ ಸ್ವಲ್ಪ ಆರಲಿ.

ಹೆಜ್ಜೆ 6: ಕವಳದ ಲೆಕ್ಕ ಹಾಕಿ

ಅಡಿಕೆ ನಮ್ಮ ಬದುಕು. ಮಕ್ಕಳ ಫೀಸು, ಮನೆಯ ಮಾಡು, ಮದುವೆ ಎಲ್ಲ ಅದರಿಂದಲೇ. ಹಾಗಂತ ಸುಳ್ಳು ಹೇಳುವುದಕ್ಕಾಗುವುದಿಲ್ಲ. ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಬಾಯಿ, ಗಂಟಲು, ಅನ್ನನಾಳ ಮೂರಕ್ಕೂ ಅಪಾಯ ಏರುತ್ತದೆ. ಬೀಡಿ, ಸಿಗರೇಟು, ಹೆಂಡ ಜೊತೆಯಾದರೆ ಇನ್ನೂ ಜಾಸ್ತಿ. ಮೊದಲು ಬಿಡಬೇಕಾದ್ದು ಗುಟ್ಕಾ ಮತ್ತು ಹೊಗೆಸೊಪ್ಪು. ಆಮೇಲೆ ಕವಳವನ್ನೂ ಇಳಿಸುತ್ತಾ ಬಂದು ನಿಲ್ಲಿಸಿ. ದವಡೆಯಲ್ಲಿ ಕವಳ ಇಟ್ಟುಕೊಂಡೇ ನಿದ್ದೆ ಹೋಗುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಬಾಯಿ ಪೂರ್ತಿ ತೆರೆಯಲಾಗದವರು, ಬಾಯೊಳಗೆ ಬಿಳಿ ಕಲೆ ಇರುವವರು ಹಲ್ಲಿನ ಡಾಕ್ಟರಿಗೂ ತೋರಿಸಬೇಕು.

ಹೆಜ್ಜೆ 7: ಮಾತ್ರೆಯನ್ನು ಅದರ ಹೊತ್ತಿಗೆ ನುಂಗಿ

ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮನೆಮನೆಯಲ್ಲಿವೆ. ತಿಂಡಿ ತಿಂದು ಕಾಫಿ ಕುಡಿದು ಆಮೇಲೆ ನುಂಗಿದರೆ ಅರ್ಧ ಕೆಲಸ ವ್ಯರ್ಥ. ಖಾಲಿಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ತಿಂಡಿ ಬೀಳುವಾಗ ಹೊಟ್ಟೆ ಆಮ್ಲ ಸುರಿಸಲು ಹೊರಡುತ್ತದೆ, ಆ ಹೊತ್ತಿಗೆ ಔಷಧಿ ಅಲ್ಲಿ ಕಾದಿರಬೇಕು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕೊಡುತ್ತಾರೆ. ವರ್ಷಗಟ್ಟಲೆ ಕೇಳದೆ ನುಂಗುತ್ತಾ ಹೋದರೆ ಬಿ12 ಮತ್ತು ಮೆಗ್ನೀಷಿಯಂ ಇಳಿಯಬಹುದು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುತ್ತದೆ, ಅವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಆದರೆ ಹೃದಯದ ಆಸ್ಪಿರಿನ್ ಜೊತೆ ಹೊಟ್ಟೆಯ ರಕ್ಷಣೆಗೆ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಡೈಜೀನ್, ಜೆಲುಸಿಲ್ ಆ ಕ್ಷಣದ ಉರಿಗೆ ಸರಿ, ಗಾಯ ಮಾಗಿಸುವ ಔಷಧಿ ಅವಲ್ಲ.

ಮಾತ್ರೆಯೇ ಅನ್ನನಾಳ ಸುಡುವುದೂ ಇದೆ. ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಡುತ್ತಾರಲ್ವಾ, ಅದನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಮಾತ್ರೆ ದಾರಿಯಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಮರುದಿನ ಎಂಜಲು ನುಂಗಿದರೂ ಚುಚ್ಚುತ್ತದೆ. ಕಬ್ಬಿಣದ ಮಾತ್ರೆ, ನೋವಿನ ಮಾತ್ರೆ, ಮೂಳೆ ಸವೆತಕ್ಕೆ ವಾರಕ್ಕೊಂದು ಕೊಡುವ ಮಾತ್ರೆ ಇವಕ್ಕೂ ಇದೇ ಗುಣ. ದೊಡ್ಡ ಲೋಟದ ತುಂಬ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂತಿರುವುದು, ಇಷ್ಟು ಮಾಡಿದರೆ ಸಾಕು.

ಹೆಜ್ಜೆ 8: ತುರ್ತು ಬಂದರೆ ಏನು ಮಾಡಬಾರದು

ಮೀನಿನ ಮುಳ್ಳು ಸಿಕ್ಕರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸುವುದು ಹಳೇ ರೂಢಿ. ಬೇಡ. ಮುಳ್ಳು ಇನ್ನಷ್ಟು ಆಳಕ್ಕೆ ಚುಚ್ಚಬಹುದು. ಎಂಜಲೂ ನುಂಗಲಾಗದೆ ಸುರಿಯುತ್ತಿದ್ದರೆ ಅದು ತುರ್ತು. ಮಗು ಗಡಿಯಾರ ಅಥವಾ ರಿಮೋಟಿನ ಬಟನ್ ಬ್ಯಾಟರಿ ನುಂಗಿದೆ ಅನ್ನುವ ಅನುಮಾನ ಬಂದರೂ ಓಡಿ. ಎರಡು ಗಂಟೆಯೊಳಗೇ ಅದು ಅನ್ನನಾಳವನ್ನು ಸುಡಬಲ್ಲದು.

ನಮ್ಮ ಕಡೆ ಇನ್ನೊಂದು ಅಪಾಯ ಕೊಟ್ಟಿಗೆಯಲ್ಲಿ, ಅಟ್ಟದಲ್ಲಿ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತ ಮತ್ತು ಸುಣ್ಣ, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್, ಬಚ್ಚಲು ತೊಳೆಯುವ ಆಸಿಡ್. ಇವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವುದನ್ನು ಇವತ್ತೇ ನಿಲ್ಲಿಸಿ. ಯಾರಾದರೂ ಕುಡಿದುಬಿಟ್ಟರೆ ಉಪ್ಪುನೀರು ಕೊಟ್ಟು ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟದ್ದು ಹತ್ತುವಾಗ ಮತ್ತೆ ಸುಡುತ್ತದೆ. ಬಾಯಿ ತೊಳೆಸಿ, ಬಾಟಲಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಹೋಗಿ. ಅಂದಿಗೆ ಚೇತರಿಸಿಕೊಂಡರೂ ಕೆಲವು ವಾರಗಳ ನಂತರ ಅನ್ನನಾಳ ಬಿಗಿದು ಕಿರಿದಾಗುವುದುಂಟು, ಹಾಗಾಗಿ ಮರುಭೇಟಿ ತಪ್ಪಿಸಬೇಡಿ.

ರಕ್ತವಾಂತಿಯಾದರೆ ಯೋಚನೆಯೇ ಬೇಡ, 108. ಕುಡಿತದಿಂದ ಲಿವರ್ ಕೆಟ್ಟವರಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುತ್ತವೆ. ಲೋಟಗಟ್ಟಲೆ ರಕ್ತ ಹೋಗುತ್ತದೆ.

ಹೆಜ್ಜೆ 9: ಎಂಡೋಸ್ಕೋಪಿಗೆ ಹೊರಡುವುದು

ಯಾರು ಮಾಡಿಸಲೇಬೇಕು? ತುತ್ತು ಸಿಕ್ಕುವವರು, ಕಾರಣವಿಲ್ಲದೆ ತೂಕ ಇಳಿದವರು, ಮಲ ಡಾಂಬರಿನಂತೆ ಕಪ್ಪಾದವರು (ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ), ರಕ್ತಹೀನತೆ ಇರುವವರು, ಪದೇ ಪದೇ ವಾಂತಿಯಾಗುವವರು, ಐವತ್ತು ದಾಟಿದ ಮೇಲೆ ಹೊಸದಾಗಿ ಉರಿ ಶುರುವಾದವರು, ಎಂಟು ವಾರ ಸರಿಯಾಗಿ ಮಾತ್ರೆ ನುಂಗಿದರೂ ಗುಣ ಕಾಣದವರು. ವರ್ಷಗಟ್ಟಲೆ ಆಮ್ಲ ಬಿದ್ದ ಕಡೆ ಕೆಲವರಲ್ಲಿ ಅನ್ನನಾಳದ ಒಳಪದರವೇ ಬದಲಾಗುತ್ತದೆ. ಬ್ಯಾರೆಟ್ಸ್ ಎನ್ನುವ ಆ ಸ್ಥಿತಿ ಮುಂದೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗಬಹುದು. ಕಣ್ಣಲ್ಲಿ ನೋಡದೆ ಅದು ಗೊತ್ತಾಗುವುದಿಲ್ಲ.

ಹಿಂದಿನ ರಾತ್ರಿ ಬೇಗ ಊಟ ಮುಗಿಸಿ, ಆಮೇಲೆ ಆರರಿಂದ ಎಂಟು ಗಂಟೆ ಏನೂ ತಿನ್ನಬಾರದು. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್ ಹತ್ತಿರ. ಮೊದಲ ಬಸ್ಸಿಗೆ ಹೊರಟವರು ಸ್ಟ್ಯಾಂಡಿನಲ್ಲಿ ‘ಒಂದು ಕಾಫಿ ತಾನೇ’ ಅಂತ ಕುಡಿದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಫೋನ್ ಮಾಡಿ ಕೇಳಿ. ಕಟ್ಟಿಸಿದ ಹಲ್ಲು ತೆಗೆದಿಡಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ. ಪರೀಕ್ಷೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಓಕರಿಕೆ ಬರುತ್ತದೆ, ಉಸಿರು ಕಟ್ಟುವುದಿಲ್ಲ. ಮೂಗಿನಲ್ಲಿ ನಿಧಾನ ಉಸಿರಾಡುತ್ತಿದ್ದರೆ ಸುಲಭ. ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ ಗಾಬರಿ ಬೇಡ, ಅದು ಕ್ಯಾನ್ಸರ್ ಅಂತಲ್ಲ, ತೆಗೆಯುವಾಗ ನೋವೂ ಆಗುವುದಿಲ್ಲ. ಗಂಟಲಿನ ಮರಗಟ್ಟು ಬಿಡುವ ತನಕ ಏನೂ ನುಂಗಬೇಡಿ. ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ ಅವತ್ತು ಬೈಕ್ ಓಡಿಸಬೇಡಿ, ಜೊತೆಗೆ ಒಬ್ಬರಿರಲಿ.

ಶಿವಮೊಗ್ಗದಲ್ಲಿ ಸರ್ಕಾರಿ ದಾರಿ ಅಂದರೆ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್, ಹಳೆಯ ರಿಪೋರ್ಟು, ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು ಮತ್ತು ನೀವು ಬರೆದಿಟ್ಟ ಪುಟ ಒಂದೇ ಚೀಲದಲ್ಲಿರಲಿ. ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳಿ ಪಡೆಯಿರಿ.

ಎಂಡೋಸ್ಕೋಪಿ ‘ನಾರ್ಮಲ್’ ಅಂತ ಬಂದು ಅನ್ನ ಇನ್ನೂ ಸಿಕ್ಕುತ್ತಿದ್ದರೆ ಅಲ್ಲಿಗೇ ಬಿಡಬೇಡಿ. ಅಕಲೇಸಿಯಾ ಶುರುವಿನಲ್ಲಿ ಎಂಡೋಸ್ಕೋಪಿಯ ಕಣ್ಣು ತಪ್ಪಿಸಬಹುದು. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ, ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಬೇಕಾ ಅಂತ ನೀವೇ ಕೇಳಿ. ಮ್ಯಾನೊಮೆಟ್ರಿಗೆ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಕಾಗಿ ಬರಬಹುದು. ಹೊರಡುವ ಮೊದಲು ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ, ಬಯಾಪ್ಸಿ ರಿಪೋರ್ಟ್ ಕೈಗೆ ಬಂದಿದೆಯಾ ನೋಡಿಕೊಳ್ಳಿ.